ತೊಳೆಯೋದು ಹೇಗೆ?

ಎಲ್ಲ ಕೇಳುಗರಿಗೂ ನಮಸ್ಕಾರ.

ಅಡುಗೆಮನೆಯಲ್ಲಿ ಉಪಯೋಗಕ್ಕೆ ಬರೋ ಸಲಕರಣೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ನಿಲಯದವರು ಫೋನ್ ಮಾಡಿದಾಗ ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ನಕ್ಕರು. ನಗೋದಕ್ಕೆ ಕಾರಣ ಇದೆ. ನಮ್ಮನೆ ಅಟ್ಟದಲ್ಲಿ ಅರ್ಧ ಜಾಗ ನಾನು ತಂದು ಪೇರಿಸಿದ ಯಂತ್ರಗಳದ್ದೇ. ಮೊಟ್ಟೆ ಮುಟ್ಟದ ಮನೆಗೆ ಮೊಟ್ಟೆ ಬೀಟರ್ ತಂದವಳು ನಾನು, ಮಜ್ಜಿಗೆ ಕಡೆಯೋಕೆ ಆಗುತ್ತೆ ಅಂತ. ಮಜ್ಜಿಗೆ ಗೋಡೆಗೆಲ್ಲ ಹಾರಿತು. ಕಡಗೋಲು ಮತ್ತೆ ಮೊಳೆಯಿಂದ ಕೆಳಗಿಳಿಯಿತು. ಒಟ್ಟಿನಲ್ಲಿ ಈ ವಿಷಯ ನಾನು ಓದಿ ತಿಳಿದವಳಲ್ಲ, ದುಡ್ಡು ಕೊಟ್ಟು ತಿಳಿದವಳು.

ಇವತ್ತು ನಾನು ಹೇಳಬೇಕು ಅಂತಿರೋದು ಒಂದೇ ಮಾತು. ಅಂಗಡಿಯಲ್ಲಿ ಯಾವ ಸಾಮಾನು ಕಣ್ಣಿಗೆ ಬಿದ್ದರೂ ಬೆಲೆ ಕೇಳೋದಕ್ಕೆ ಮುಂಚೆ ಇನ್ನೊಂದು ಕೇಳಿ: ಇದನ್ನ ತೊಳೆಯೋದು ಹೇಗೆ? ಎಷ್ಟು ಹೊತ್ತು ಹಿಡಿಯುತ್ತೆ? ಅಂಗಡಿಯವನು ಎಷ್ಟು ಬೇಗ ಹೆಚ್ಚುತ್ತೆ, ಎಷ್ಟು ನುಣ್ಣಗೆ ರುಬ್ಬುತ್ತೆ ಅಂತಲೇ ಹೇಳ್ತಾನೆ. ತೊಳೆಯೋ ಮಾತು ಅವನ ಬಾಯಲ್ಲಿ ಬರೋದೇ ಇಲ್ಲ. ನೀವೇ ಕೇಳಬೇಕು.

ಈಳಿಗೆಮಣೆಯನ್ನೇ ತೊಗೊಳ್ಳಿ. ಮಲೆನಾಡಿನ ಕಡೆಯವರು ಮೆಟ್ಟುಗತ್ತಿ ಅಂತೀರಿ. ಒಂದು ಹಲಗೆ, ಒಂದು ಅಲಗು. ಬದನೆಕಾಯಿ ಹೆಚ್ಚಿ, ಬಾಳೆದಿಂಡು ಹೆಚ್ಚಿ, ಒಂದು ಚೊಂಬು ನೀರು ಸುರಿದು ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಹಲಸಿನ ಹಣ್ಣು ಹೆಚ್ಚೋ ದಿನ ಮಾತ್ರ ಅಲಗಿಗೂ ಕೈಗೂ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಅಷ್ಟೇ. ಹಳೇದೆಲ್ಲ ಒಳ್ಳೇದು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ತಿಳೀಬೇಡಿ. ಒರಳುಕಲ್ಲು ಕೂಡ ಹಳೇದೇ. ನೆಲದಲ್ಲಿ ಹೂತ ಒರಳನ್ನ ತೊಳೆದಿದ್ದೀರಾ ಯಾರಾದರೂ? ಗುಳಿಗೆ ನೀರು ಹಾಕೋದು, ಅಂಗೈಯಲ್ಲಿ ಮೊಗೆಮೊಗೆದು ಹೊರಗೆ ಚೆಲ್ಲೋದು, ಮತ್ತೆ ನೀರು, ಕಡೆಗೆ ತೆಂಗಿನ ನಾರಲ್ಲಿ ಒರೆಸೋದು. ನಮ್ಮಮ್ಮ ರುಬ್ಬೋದಕ್ಕೆ ಬೇಜಾರು ಪಟ್ಟಿದ್ದು ನಾನು ನೋಡಿಲ್ಲ, ಒರಳು ತೊಳೆಯೋ ಹೊತ್ತಿಗೆ ಮಾತ್ರ ನನ್ನನ್ನ ಕರೀತಿದ್ದರು.

ಈಗ ಒಂದು ಕಥೆ ಹೇಳ್ತೀನಿ, ಸ್ವಲ್ಪ ಸಹಿಸಿಕೊಳ್ಳಿ.

ಹದಿನೈದು ವರ್ಷದ ಹಿಂದಿನ ಮಾತು. ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ನಾನು, ನನ್ನ ನಾದಿನಿ ಹೋಗಿದ್ದೆವು. ಆ ತಟ್ಟೆಯಗಲದ ದೆಹಲಿ ಹಪ್ಪಳ ಮುರಕೊಂಡು ತಿನ್ನುತ್ತಾ ಬರ್ತಾ ಇದ್ದೀವಿ, ಒಂದು ಮಳಿಗೆಯ ಮುಂದೆ ಜನವೋ ಜನ. ಬಿಳಿ ಅಂಗಿ ತೊಟ್ಟವನೊಬ್ಬ ಕಿವಿಗೆ ಮೈಕು ಸಿಕ್ಕಿಸಿಕೊಂಡು ತುರಿಯೋ ಯಂತ್ರ ಮಾರ್ತಾ ಇದ್ದಾನೆ. ಮೇಲಿಂದ ಕ್ಯಾರೆಟ್ ತುರುಕಿ ಹಿಡಿ ತಿರುಗಿಸಿದರೆ ಜರ್ರ್ ಅಂತ ತುರಿ ಬೀಳುತ್ತೆ. ಉರುಳೆ ಬದಲಾಯಿಸಿದ, ಸೌತೆಕಾಯಿ ಬಿಲ್ಲೆ ಬಿಲ್ಲೆಯಾಗಿ ಬಿತ್ತು. ಇನ್ನೊಂದು ಉರುಳೆ, ಎಲೆಕೋಸು ದಾರದ ಹಾಗೆ. “ನೋಡಿ ಅಮ್ಮ, ಎಣಿಸಿ ಅಮ್ಮ, ಹತ್ತು ಎಣಿಸೋದರೊಳಗೆ ಒಂದು ಕ್ಯಾರೆಟ್!” ಪ್ರತಿಸಲವೂ ಯಂತ್ರ ಫಳಫಳ ಅಂತ ಹೊಸದರ ಹಾಗೆ. 450 ರೂಪಾಯಿ. ನಾದಿನಿ ನನ್ನ ಸೆರಗು ಎಳೆದಳು, “ಬೇಡ ಅತ್ತಿಗೆ, ಅಟ್ಟದಲ್ಲಿ ಜಾಗ ಇಲ್ಲ” ಅಂತ. ನಾನು ಕೇಳಲಿಲ್ಲ.

ಮುಂದಿನ ತಿಂಗಳೇ ಅವಳ ಮೊಮ್ಮಗನ ನಾಮಕರಣ ಬಂತು. ಐವತ್ತು ಎಲೆ. ಕ್ಯಾರೆಟ್ ಕೋಸಂಬರಿ ನನ್ನ ಪಾಲಿಗೆ ಬಿಡಿ ಅಂದೆ. ಎರಡು ಕಿಲೋ ಕ್ಯಾರೆಟ್, ಹತ್ತೇ ನಿಮಿಷ! ಸುಳ್ಳಲ್ಲ. ಸುತ್ತ ಹೆಂಗಸರೆಲ್ಲ ಬಂದು ನಿಂತರು. ಜನ್ಮದಲ್ಲಿ ಯಾರನ್ನೂ ಹೊಗಳದ ನಮ್ಮತ್ತೆ “ಪರವಾಗಿಲ್ಲ ಕಣೇ” ಅಂದರು. ಆಮೇಲೆ ತೊಳೆಯೋಕೆ ಕೂತೆ. ಬಿಚ್ಚಿದರೆ ಒಂಬತ್ತು ತುಂಡು. ಉರುಳೆಯ ಒಂದೊಂದು ತೂತಿನಲ್ಲೂ ಒಂದೊಂದು ಎಳೆ ಕ್ಯಾರೆಟ್ ಒಣಗಿ ಕೂತಿದೆ. ಹಳೇ ಟೂತ್‌ಬ್ರಷ್ ಆಯಿತು, ಸೇಫ್ಟಿ ಪಿನ್ ಆಯಿತು, ಊದುಬತ್ತಿ ಕಡ್ಡಿ ಆಯಿತು. ಒಳಗೆ ಮಗುವಿನ ಕಿವಿಯಲ್ಲಿ ಹೆಸರು ಹೇಳ್ತಾ ಇದ್ದಾರೆ, ನಾನು ಬಚ್ಚಲಲ್ಲಿ ಕೂತು ಕ್ಯಾರೆಟ್ ಕೀಳ್ತಾ ಇದ್ದೀನಿ. ಮುಕ್ಕಾಲು ಗಂಟೆ. ಬಿಳೀ ಪ್ಲಾಸ್ಟಿಕ್ ಕಾವಿ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಯಂತ್ರ ಅಟ್ಟ ಸೇರಿತು.

ಮರುವರ್ಷ ಅದೇ ಮಳಿಗೆಗೆ ಹೋದೆ. ಯಂತ್ರದ ಕೆಳಗಿನ ರಬ್ಬರು ಕಲ್ಲಿಗೆ ಕಚ್ಚಿಕೊಳ್ತಾ ಇರಲಿಲ್ಲ, ಬದಲಿಗೆ ಬೇರೆ ಇದೆಯಾ ಅಂತ ಕೇಳಿದೆ. ಅದೇ ಬಿಳಿ ಅಂಗಿಯವನು ಮಾತು ನಿಲ್ಲಿಸದೆ ಹೆಬ್ಬೆರಳಲ್ಲಿ ಹಿಂದಕ್ಕೆ ತೋರಿಸಿದ. ಪರದೆ ಸರಿಸಿ ಹೋದರೆ ಏನು ನೋಡ್ತೀನಿ! ಹತ್ತೊಂಬತ್ತು ಇಪ್ಪತ್ತರ ಹುಡುಗ, ಎರಡು ಬಕೆಟ್ಟಿನ ಮಧ್ಯೆ ಕುಕ್ಕುರುಗಾಲಲ್ಲಿ ಕೂತಿದ್ದಾನೆ, ಕೈಯಲ್ಲಿ ಟೂತ್‌ಬ್ರಷ್. ಪಕ್ಕದಲ್ಲಿ ಸಾಲಾಗಿ ಆರು ಉರುಳೆ. “ದಿನಕ್ಕೆ ಎಷ್ಟು ಸಲ ತೊಳೀತೀಯಪ್ಪ?” ಅಂದೆ. “ಎಣಿಸಿಲ್ಲ ಅಮ್ಮ, ಅಣ್ಣ ಕೈ ಹಿಂದಕ್ಕೆ ಚಾಚಿದಾಗೆಲ್ಲ ಒಂದು ಕೊಡ್ತೀನಿ” ಅಂದ. ಹೇಳ್ತಾ ಇರೋ ಹಾಗೇ ಪರದೆಯ ಸಂದಿಯಿಂದ ಒಂದು ಕೈ ಒಳಗೆ ಬಂತು. ಹುಡುಗ ಉರುಳೆ ಇಟ್ಟ. ಕೈ ಹೋಯಿತು.

ಪೆಟ್ಟಿಗೆಯ ಮೇಲೆ ಒಂಬತ್ತು ಭಾಗ ಅಂತ ಅಚ್ಚಾಗಿತ್ತು ನೋಡಿ. ಹತ್ತನೇ ಭಾಗ ಈ ಹುಡುಗ. ಅವನು ಪೆಟ್ಟಿಗೆಯೊಳಗೆ ಬರೋಲ್ಲ.

ಒಳ್ಳೇ ಹುಡುಗ, ಎರಡು ಗುಟ್ಟು ಹೇಳಿಕೊಟ್ಟ. ಒಂದು, ಒಣಗೋಕೆ ಬಿಡಬೇಡಿ, ತುರಿದ ಕೈಯಲ್ಲೇ ನೀರಿಗೆ ಮುಳುಗಿಸಿಬಿಡಿ. ಎರಡು, ಕ್ಯಾರೆಟ್ಟಿನ ಬಣ್ಣ ನೀರಿಗೆ ಬಿಡೋಲ್ಲ, ಎಣ್ಣೆಗೆ ಬಿಡುತ್ತೆ. ಕಲೆಯ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಉಜ್ಜಿ ಆಮೇಲೆ ಸೋಪು ಹಾಕಿ. ಮನೆಗೆ ಬಂದು ಮಾಡಿದೆ, ಕಾವಿ ಬಣ್ಣ ಮುಕ್ಕಾಲು ಪಾಲು ಹೋಯಿತು. ಈಗ ಆ ಯಂತ್ರ ವರ್ಷಕ್ಕೆರಡು ಸಲ, ಹಬ್ಬಕ್ಕೆ, ಅಟ್ಟದಿಂದ ಇಳಿಯುತ್ತೆ. ದಿನಾ ನಾಲ್ಕು ಕ್ಯಾರೆಟ್ ತುರಿಯೋಕೆ ನನಗೆ ತಗಡಿನ ತುರಿಮಣೆ ಸಾಕು.

ಅಯ್ಯೋ, ಗಡಿಯಾರ ನೋಡಿದರೆ ಆರು ನಿಮಿಷ ಆಗಿಹೋಗಿದೆ. ಬೇಗ ಬೇಗ ಹೇಳ್ತೀನಿ.

ಗ್ರೈಂಡರ್. ಮೈಸೂರು ರೇಷ್ಮೆಗೆ ಸಿಕ್ಕಿರೋ ಹಾಗೆ ಕೊಯಮತ್ತೂರಿನ ವೆಟ್ ಗ್ರೈಂಡರಿಗೂ ಭೌಗೋಳಿಕ ಸೂಚಕದ ಮನ್ನಣೆ ಇದೆ. ಇಡ್ಲಿ ಬೇಕು ಅನ್ನೋರಿಗೆ ಇದು ಬೇಕೇ ಬೇಕು. ಕಲ್ಲು ನಿಧಾನವಾಗಿ ಸುತ್ತುತ್ತೆ, ಹಿಟ್ಟು ಬಿಸಿಯಾಗಲ್ಲ, ಉದ್ದು ಬೆಣ್ಣೆಯ ಹಾಗೆ ಉಬ್ಬುತ್ತೆ. ಕೊಳ್ಳುವಾಗ ಪಾತ್ರೆಯನ್ನ ಎತ್ತಿ ನೋಡಿ. ನಿಮ್ಮ ಕೈಯಲ್ಲಿ ಎತ್ತಿ ಸಿಂಕಿಗೆ ತೊಗೊಂಡು ಹೋಗೋಕೆ ಆದರೆ ಕೊಳ್ಳಿ. ಆಗದಿದ್ದರೆ ಅದು ನೆಲದ ಒರಳೇ, ಕರೆಂಟು ಸೇರಿಕೊಂಡಿದೆ ಅಷ್ಟೇ.

ಮಿಕ್ಸಿ. ಇದರ ಕಥೆ ಚೆನ್ನಾಗಿದೆ. 1960ರ ದಶಕದಲ್ಲಿ ಮುಂಬೈನ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಮಿಕ್ಸರ್ ಒಂದು ನಮ್ಮ ಅಡುಗೆಯ ಭಾರ ತಡೀದೆ ಸುಟ್ಟುಹೋಯಿತಂತೆ. ಹೆಂಡತಿ ಮಾಧುರಿ ಅವರ ಒತ್ತಾಯಕ್ಕೆ ಅವರೇ ನಮ್ಮ ಬೇಳೆ, ತೆಂಗಿನಕಾಯಿ ಅರೆಯೋ ಮೋಟಾರು ಮಾಡಿದರು. ಸುಮೀತ್ ಮಿಕ್ಸಿ ಬಂದದ್ದು ಹಾಗೆ. ಅದರ ಋಣ ನಮ್ಮೆಲ್ಲರ ತೋಳಿನ ಮೇಲೂ ಇದೆ. ಮಿಕ್ಸಿ ತೊಳೆಯೋದು ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ. ಅರ್ಧ ಜಾರು ನೀರು, ಒಂದು ತೊಟ್ಟು ಸೋಪು ಹಾಕಿ ಹತ್ತು ಸೆಕೆಂಡು ತಿರುಗಿಸಿದರೆ ಒಳಭಾಗ ಆಯಿತು, ನಿಜ. ಜಾರನ್ನ ಮಗುಚಿ ತಳ ನೋಡಿದ್ದೀರಾ? ಮೋಟಾರಿಗೆ ಸಿಕ್ಕಿಸೋ ಆ ಗುಂಡಿಯ ಸುತ್ತ ಹೋದ ಯುಗಾದಿಯ ಮಾವಿನಕಾಯಿ ಚಿತ್ರಾನ್ನದ ಸಾಸಿವೆ ಇನ್ನೂ ಇರುತ್ತೆ. ಇವತ್ತು ನೋಡಿ.

ತಕ್ಕಡಿ. ಪುಸ್ತಕದ ಗಾತ್ರದ್ದು, ಬ್ಯಾಟರಿಯದು. ನನ್ನ ಅಚ್ಚುಮೆಚ್ಚು, ಯಾಕೆ ಅಂತ ಈಗಾಗಲೇ ಗೊತ್ತಾಗಿರಬೇಕು. ತೊಳೆಯೋ ಹಾಗೇ ಇಲ್ಲ! ಒರೆಸಿದರೆ ಆಯಿತು. ಅಮೆರಿಕದಲ್ಲಿರೋ ಮಗಳು ಹುಳಿಪುಡಿಗೆ ಧನಿಯ ಎಷ್ಟು ಅಂತ ಕೇಳ್ತಿದ್ದಳು, ನಾನು ಒಂದು ಲೋಟ ಅಂತಿದ್ದೆ. ನನ್ನದು ಅಮ್ಮ ಕೊಟ್ಟ ಕಂಚಿನ ಲೋಟ, ಅವಳದು 240 ಎಂಎಲ್ ಕಪ್ಪು. ಎರಡು ವರ್ಷ ಅವಳ ಹುಳಿ ಯಾಕೋ ಸಪ್ಪೆ ಸಪ್ಪೆ. ತಕ್ಕಡಿ ಬಂದ ಮೇಲೆ ಗ್ರಾಂ ಲೆಕ್ಕ, ಜಗಳ ಇಲ್ಲ.

ಶಾವಿಗೆ ಒರಳು, ಚಕ್ಕುಲಿ ಒರಳಿನ ಬಗ್ಗೆ ಬರೆದುಕೊಂಡು ಬಂದಿದ್ದೆ, ಬಿಡ್ತೀನಿ. ಒಂದೇ ಮಾತು: ಹಸಿ ಹಿಟ್ಟು ಮೆತ್ತಿದ ಸಾಮಾನಿಗೆ ಬಿಸಿನೀರು ಹಾಕಬೇಡಿ, ಹಿಟ್ಟು ಬೆಂದು ಗೋಂದಾಗುತ್ತೆ. ತಣ್ಣೀರೇ ಸರಿ.

ಕಡೇದಾಗಿ ಕುಕ್ಕರು. ಗಾಜಿನ ಆಚೆಯಿಂದ ಕೈ ತೋರಿಸ್ತಾ ಇದ್ದಾರೆ, ಆದರೆ ಇದು ಹೇಳದೆ ಏಳೋಲ್ಲ. 1679ರಲ್ಲಿ ಡೆನಿಸ್ ಪಾಪಾನ್ ಅನ್ನೋ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮೂಳೆ ಮೆತ್ತಗಾಗೋ ಹಾಗೆ ಬೇಯಿಸೋ ಪಾತ್ರೆ ಮಾಡಿ ತೋರಿಸಿದ. ಹಬೆ ಮಿತಿಮೀರಿದರೆ ಹೊರಗೆ ಹೋಗೋಕೆ ಅವನು ಇಟ್ಟ ದಾರಿಯೇ ಇವತ್ತು ನಿಮ್ಮ ಮುಚ್ಚಳದ ಮೇಲಿರೋದು. ಮಾಮೂಲಿ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿದು ಅಲ್ಲೇ ನಿಲ್ಲುತ್ತೆ, ಕುಕ್ಕರಿನಲ್ಲಿ 120ರ ಹತ್ತಿರ ಹೋಗುತ್ತೆ. ಅಷ್ಟು ಒತ್ತಡ ಅದರೊಳಗೆ. ತೊಗರಿಬೇಳೆಯ ನೊರೆ ಒಂದು ದಿನ ಆ ದಾರಿಗೆ ಅಡ್ಡ ಕೂತರೆ ಏನಾಗುತ್ತೆ ಯೋಚಿಸಿ. ರಾತ್ರಿ ಪಾತ್ರೆ ತೊಳೆಯುವಾಗ ಗ್ಯಾಸ್ಕೆಟ್ ಬಿಚ್ಚಿ ಬೇರೆ ತೊಳೀರಿ, ವೆಯ್ಟ್ ತೆಗೀರಿ, ಮುಚ್ಚಳವನ್ನ ದೀಪಕ್ಕೆ ಹಿಡಿದು ಆ ತೂತಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿ. ಬೆಳಕು ಕಂಡರೆ ನಾಳೆ ಬೇಳೆ ಇಡಬಹುದು.

ನಮಸ್ಕಾರ.