ಪೀರಿಯಡ್ಸ್ ಇದ್ದಾಗ ಓಟದ ವೇಗ ಕಮ್ಮಿ ಆಗುತ್ತಾ?

[ಪರದೆ ಮೇಲೆ: ಮ್ಯೂನಿಕ್, ಆಗಸ್ಟ್ 2022]

ಯುರೋಪಿಯನ್ ಚಾಂಪಿಯನ್‌ಷಿಪ್, ಮಹಿಳೆಯರ 100 ಮೀಟರ್ ಫೈನಲ್. ಹಾಲಿ ಚಾಂಪಿಯನ್, ಬ್ರಿಟನ್ನಿನ ದೀನಾ ಆಶರ್-ಸ್ಮಿತ್‌ಗೆ ಓಡ್ತಾ ಇರುವಾಗಲೇ ಮೀನಖಂಡ ಹಿಡ್ಕೊಂಡ್ಬಿಡ್ತು. 11 ಸೆಕೆಂಡಿನೊಳಗೆ ಮುಗಿಸಬಲ್ಲ ಓಟಗಾರ್ತಿ ಗೆರೆ ದಾಟಿದ್ದು 16.03ಕ್ಕೆ. ಕೊನೇ ಸ್ಥಾನ. ಆಮೇಲೆ ಕ್ಯಾಮೆರಾ ಮುಂದೆ ಮುಚ್ಚುಮರೆ ಇಲ್ಲದೆ ಹೇಳಿದ್ರು: ಇದು ಪೀರಿಯಡ್ಸ್ ತೊಂದ್ರೆ, ಇದರ ಸಂಶೋಧನೆಗೆ ದುಡ್ಡು ಹಾಕಿ ಅಂತ. ಅದೇ ಕೂಟದ 200 ಮೀಟರ್‌ನಲ್ಲಿ ಬೆಳ್ಳಿ ಗೆದ್ರು!

[ದೃಶ್ಯ: 28 ದಿನಗಳ ಹಾರ್ಮೋನ್ ಗ್ರಾಫ್]

ಹಾಗಾದ್ರೆ ವಿಜ್ಞಾನ ಏನನ್ನುತ್ತೆ? 2020ರಲ್ಲಿ 78 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸ್ರಾವದ ಮೊದಲ ದಿನಗಳಲ್ಲಿ ಸಾಮರ್ಥ್ಯ ಕುಗ್ಗೋದು ಲೆಕ್ಕಕ್ಕೇ ಬಾರದಷ್ಟು ಅಂತ ಕಂಡುಬಂತು. ಆ ಅಧ್ಯಯನಗಳಲ್ಲಿ ಬಹಳಷ್ಟು ದುರ್ಬಲ, ಅದು ಬೇರೆ ಮಾತು.

ಸ್ಪ್ರಿಂಟ್‌ಗಂತೂ, ಅಂದ್ರೆ 100 ಮೀಟರ್‌ನಂಥ ಚಿಕ್ಕ ಓಟಕ್ಕಂತೂ, ಇದು ಹೊಂದುತ್ತೆ. ಅಂಡೋತ್ಪತ್ತಿ ಆದ ಮೇಲೆ ಮೈ ತಾಪ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತೆ. ಸುಡುಬಿಸಿಲಲ್ಲಿ ಮ್ಯಾರಥಾನ್ ಓಡೋರಿಗೆ ಅದು ಭಾರ ಆಗಬಹುದು. ಹನ್ನೊಂದು ಸೆಕೆಂಡಿಗೆ ಏನಾಗುತ್ತೆ? ಆ ಓಟಕ್ಕೆ ಬೇಕಾದ ಶಕ್ತಿ ಹೆಚ್ಚುಕಮ್ಮಿ ಸ್ನಾಯುವಿನಲ್ಲೇ ಕೂಡಿಟ್ಟಿರೋದು.

[ದೃಶ್ಯ: ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಬಗ್ಗಿರುವ ಓಟಗಾರ್ತಿ]

ನನಗನ್ನಿಸೋದು, ನಾವು ತಪ್ಪು ಕಡೆ ನೋಡ್ತಿದ್ದೀವಿ. ಗ್ರಾಫ್ ಬಿಡಿ, ನೋವು ನೋಡಿ. ಗರ್ಭಕೋಶವನ್ನು ಹಿಂಡೋದು ಪ್ರೋಸ್ಟಗ್ಲ್ಯಾಂಡಿನ್ ಅನ್ನೋ ರಾಸಾಯನಿಕ. ಅದರಿಂದಲೇ ಕಿಬ್ಬೊಟ್ಟೆ ನೋವು, ಕೆಲವರಿಗೆ ವಾಕರಿಕೆ, ಭೇದಿ. ರಾತ್ರಿಯೆಲ್ಲಾ ನಿದ್ದೆಗೆಟ್ಟು, ಬೆಳಿಗ್ಗೆ ಬ್ಲಾಕ್‌ನಲ್ಲಿ ಬಗ್ಗಿ ಕೂತು ಸಿಡಿಯಬೇಕು. ಇನ್ನೊಬ್ಬರಿಗೆ ಇದ್ಯಾವುದೂ ಇರೋಲ್ಲ. ಮತ್ತೆ ಕೆಲವರು ನೋವಿದ್ದೂ ಗೆಲ್ತಾರೆ: ಬ್ರಿಟನ್ನಿನ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ 2002ರಲ್ಲಿ ಶಿಕಾಗೋದಲ್ಲಿ ಮ್ಯಾರಥಾನ್ ವಿಶ್ವದಾಖಲೆ ಬರೆದಿದ್ದು ಪೀರಿಯಡ್ಸ್ ಹೊಟ್ಟೆನೋವಿನ ನಡುವೆಯೇ. ಇವರನ್ನೆಲ್ಲ ಸೇರಿಸಿ ಸರಾಸರಿ ತೆಗೆದ್ರೆ ಯಾರ ನೋವೂ ಕಾಣಲ್ಲ.

ಅದಕ್ಕೇ "ಈ ವಾರ ಭಾರ ಎತ್ತು, ಆ ವಾರ ವಿಶ್ರಾಂತಿ" ಅಂತ ಎಲ್ಲರಿಗೂ ಒಂದೇ ಪಟ್ಟಿ ಕೊಡೋ ಆ್ಯಪ್‌ಗಳನ್ನು ನಾನು ನಂಬಲ್ಲ. ಒಂದು ನೋಟ್‌ಬುಕ್ ಸಾಕು: ತಾರೀಖು, ನೋವು, ನಿದ್ದೆ, ಪಕ್ಕದಲ್ಲಿ ಅವತ್ತಿನ 30 ಮೀಟರ್ ಟೈಮ್. ಕೆಲವು ತಿಂಗಳಲ್ಲಿ ನಿಮ್ಮದೇ ಲೆಕ್ಕ ಸಿಗುತ್ತೆ. ಸ್ರಾವ ಜಾಸ್ತಿ ಇದ್ರೆ ಕಬ್ಬಿಣಾಂಶದ ರಕ್ತಪರೀಕ್ಷೆ ಮಾಡಿಸಿ. ನೋವು ತಡೆಯೋಕಾಗದಿದ್ರೆ ಸ್ತ್ರೀರೋಗ ತಜ್ಞರ ಹತ್ರ ಹೋಗಿ, ಮಾತ್ರೆ ನುಂಗಿ ಸುಮ್ಮನಾಗಬೇಡಿ.

ಇನ್ನು ಕೋಚ್‌ಗಳಿಗೆ ಒಂದು ಮಾತು. ಮೂರು ತಿಂಗಳಿಂದ ಪೀರಿಯಡ್ಸ್ ಆಗಿಲ್ಲ ಅಂತ ಹುಡುಗಿ ಹೇಳಿದ್ರೆ "ಒಳ್ಳೇದೇ ಆಯ್ತು" ಅನ್ನಬೇಡಿ. ಸುಡೋ ಶಕ್ತಿಗೆ ತಕ್ಕಷ್ಟು ಊಟ ಸಿಗದಿದ್ದಾಗಲೂ ದೇಹ ಹೀಗೆ ಮಾಡುತ್ತೆ. ಆಗ ಮೂಳೆ ಕಾಪಾಡೋ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತೆ, ಅದು ಇಳಿದ ಮೇಲೆ ಮೂಳೆ ಸವೆಯುತ್ತೆ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಂತು ಅಂದ್ರೆ ಆ ಸೀಸನ್ ಅಲ್ಲಿಗೇ ಮುಗೀತು.