ತಿರುಗುವಾಗ ಮುಳುಗಿದ ಹಡಗು

ಕೇಳುಗರಿಗೆಲ್ಲ ನಮಸ್ಕಾರ.

ಯುದ್ಧದ ಹಡಗು ಮುಳುಗಿತು ಅಂದರೆ ಶತ್ರು ಮುಳುಗಿಸಿದ ಅಂತಲೇ ಅಂದುಕೊಳ್ಳುತ್ತೇವೆ, ಅಲ್ವಾ? ಇವತ್ತು ಹೇಳುವ ಹಡಗಿನ ಕಥೆ ಹಾಗಲ್ಲ.

ಹಡಗಿನ ಹೆಸರು ಕ್ರೂನನ್. ಸ್ವೀಡಿಷ್ ಭಾಷೆಯಲ್ಲಿ ಕಿರೀಟ ಅಂತ ಅರ್ಥ. ಮೂರು ಅಂತಸ್ತಿನ ತುಂಬ ಫಿರಂಗಿಗಳು, ನೂರಕ್ಕೂ ಜಾಸ್ತಿ. ಒಳಗೆ ಎಂಟುನೂರಕ್ಕೂ ಹೆಚ್ಚು ಜನ. ಸ್ವೀಡನ್ ನೌಕಾಪಡೆಯ ಹೆಮ್ಮೆಯ ಹಡಗು ಅದು.

ಆಗ ಸ್ವೀಡನ್‌ಗೂ ಡೆನ್ಮಾರ್ಕ್‌ಗೂ ಜಗಳ. 1658ರಲ್ಲಿ ಡೆನ್ಮಾರ್ಕ್ ತನ್ನ ಸ್ಕೋನೆ ಪ್ರಾಂತ್ಯವನ್ನು ಸ್ವೀಡನ್‌ಗೆ ಬಿಟ್ಟುಕೊಟ್ಟಿತ್ತು. ಅದನ್ನು ವಾಪಸ್ ಪಡೆಯಬೇಕೆಂಬ ಹಟ. ಜೊತೆಗೆ ಡಚ್ಚರೂ ಸೇರಿಕೊಂಡರು. ಡೆನ್ಮಾರ್ಕ್‌ನ ನೀಲ್ಸ್ ಯೂಲ್, ಡಚ್ಚರ ಕಾರ್ನೆಲಿಸ್ ಟ್ರೊಂಪ್ ಇಬ್ಬರೂ ಕಡಲಲ್ಲೇ ಪಳಗಿದವರು. ಸ್ವೀಡನ್ ಪಡೆಯ ನಾಯಕ ಲೊರೆಂತ್ಸ್ ಕ್ರೈಟ್ಸ್ ಮಾತ್ರ ಖಜಾನೆ ಕಡೆಯಿಂದ ಬಂದ ಅಧಿಕಾರಿ. ಲೆಕ್ಕಪತ್ರದಲ್ಲಿ ಗಟ್ಟಿಗ, ಆದರೆ ಕಡಲಲ್ಲಿ ಯುದ್ಧ ನಡೆಸಿದವನಲ್ಲ. ಕೆಳಗಿನ ಅಧಿಕಾರಿಗಳ ಜೊತೆ ಸರಿಬರುತ್ತಲೂ ಇರಲಿಲ್ಲ.

1676, ಜೂನ್ 1. ಬಾಲ್ಟಿಕ್ ಕಡಲಿನಲ್ಲಿ, ಸ್ವೀಡನ್‌ನ ಓಲಾಂಡ್ ದ್ವೀಪದ ಹತ್ತಿರ ಜೋರು ಗಾಳಿ. ಮಧ್ಯಾಹ್ನದ ಹೊತ್ತಿಗೆ ಕ್ರೂನನ್ ಶತ್ರುವಿನ ಕಡೆ ತಿರುಗಲು ಹೊರಟಿತು. ತಿರುಗುವ ಮೊದಲು ಹಾಯಿ ಇಳಿಸಬೇಕಿತ್ತು. ಇಳಿಸಿದ್ದು ಸಾಲಲಿಲ್ಲ. ಫಿರಂಗಿಯ ಬಾಯಿ ಹೊರಚಾಚುವ ಕಿಂಡಿಗಳೂ ತೆರೆದೇ ಇದ್ದವು. ಹಡಗು ಒಂದು ಪಕ್ಕಕ್ಕೆ ವಾಲಿತು. ಕೆಳ ಅಂತಸ್ತಿನ ಕಿಂಡಿಗಳಿಗೆ ನೀರು ನುಗ್ಗಿತು. ಅಷ್ಟರಲ್ಲಿ ಒಳಗೆಲ್ಲೋ ದೀಪವೋ ಉರಿಯುವ ಬತ್ತಿಯೋ ಮದ್ದಿಗೆ ತಗುಲಿರಬೇಕು, ಢಂ ಎಂದು ಸಿಡಿದು ಹಡಗಿನ ಮುಂಭಾಗದ ಒಂದು ಪಕ್ಕವೇ ಹಾರಿಹೋಯಿತು. ಬದುಕಿದವರು ಸುಮಾರು ನಲವತ್ತು ಜನ. ಕ್ರೈಟ್ಸ್ ಕೂಡ ಸತ್ತ.

ಎಲ್ಲ ತಪ್ಪನ್ನೂ ಆತನ ತಲೆಗೆ ಕಟ್ಟುವುದು ಸುಲಭ. ನಾನು ಹಾಗೆ ಮಾಡಲಾರೆ. ಕಿಂಡಿ ಮುಚ್ಚಿ, ಫಿರಂಗಿ ಬಿಗಿದು ಕಟ್ಟಿ, ಇಲ್ಲದಿದ್ದರೆ ವಾಸಾ ಹಡಗಿನ ಗತಿಯೇ ನಮಗೂ ಅಂತ ಆತ ಕೊನೆಗೆ ಆಜ್ಞೆ ಕೊಟ್ಟಿದ್ದನೆಂದು ಬದುಕಿ ಬಂದವನೊಬ್ಬ ಹೇಳಿದ್ದಾನೆ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿತಲ್ಲ, ಅದೇ ವಾಸಾ. ಅಪಾಯ ಗೊತ್ತಿತ್ತು ಅಂತಾಯಿತು. ಮುಂದೆ ವಿಚಾರಣೆಯೂ ನಡೆಯಿತು. ಯಾರನ್ನೂ ತಪ್ಪಿತಸ್ಥರೆಂದು ಹೇಳಲಿಲ್ಲ.

ನಾಯಕನ ಹಡಗೇ ಹೋದ ಮೇಲೆ ಸ್ವೀಡನ್ ಪಡೆ ಚೆಲ್ಲಾಪಿಲ್ಲಿಯಾಯಿತು. ಅದೇ ಪಡೆಯ ಇನ್ನೊಬ್ಬ ನೌಕಾಧಿಕಾರಿ ಕ್ಲಾಸ್ ಉಗ್ಗ್ಲಾನ ಹಡಗು ಸ್ವೇರ್ದೆತ್, ಅಂದರೆ ಕತ್ತಿ, ಸುತ್ತುವರಿದ ಶತ್ರುಗಳ ನಡುವೆ ಹೋರಾಡಿತು. ಕೊನೆಗೆ ಶತ್ರುಗಳು ಬೆಂಕಿ ಹಚ್ಚಿ ಬಿಟ್ಟ ಹಡಗೊಂದು ಬಂದು ತಗುಲಿ ಅದೂ ಸುಟ್ಟುಹೋಯಿತು. ಉಗ್ಗ್ಲಾನೂ ಉಳಿಯಲಿಲ್ಲ. ಅದೇ ತಿಂಗಳು ಡೆನ್ಮಾರ್ಕ್ ಸೈನ್ಯ ಸ್ಕೋನೆಗೆ ಇಳಿಯಿತು.

ಕ್ರೂನನ್ ಮತ್ತೆ ಸಿಕ್ಕಿದ್ದು 1980ರಲ್ಲಿ. ಹುಡುಕಿದ್ದು ಅಂದೆರ್ಸ್ ಫ್ರಾನ್ಸೆನ್. ವಾಸಾ ಹಡಗನ್ನು ಪತ್ತೆ ಮಾಡಿದ್ದೂ ಇವರೇ! ಹಡಗು ಇದ್ದದ್ದು ಬರೀ 26 ಮೀಟರ್ ಆಳದಲ್ಲಿ. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಕಡಲಹುಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ ಮರ ಉಳಿದಿದೆ. ಚಿನ್ನದ ನಾಣ್ಯ, ತುತ್ತೂರಿ, ಔಷಧದ ಪೆಟ್ಟಿಗೆ, ಹೀಗೆ ಸಾವಿರಾರು ವಸ್ತು ಮೇಲೆ ಬಂದಿವೆ. ಎಲ್ಲ ಕಲ್ಮಾರ್ ಊರಿನ ಮ್ಯೂಸಿಯಂ ಪಾಲು.

ನನಗೆ ಚಿನ್ನಕ್ಕಿಂತ ಇಷ್ಟವಾದದ್ದು 2016ರಲ್ಲಿ ಸಿಕ್ಕ ಒಂದು ಪುಟ್ಟ ತವರದ ಡಬ್ಬಿ. ನೀರಿನಿಂದ ಮೇಲೆತ್ತುವಾಗ ಒಳಗಿದ್ದದ್ದು ಸಂದಿಯಿಂದ ಒಸರಿತಂತೆ. ಹುಳಿಬಂದ ಚೀಸಿನಂಥ ವಾಸನೆ, ಮುನ್ನೂರ ನಲವತ್ತು ವರ್ಷದ ಮೇಲೂ. ಕಿಂಡಿಗಳು ತೆರೆದೇ ಇದ್ದ ಆ ಹಡಗಿನಲ್ಲಿ ಈ ಡಬ್ಬಿಯ ಮುಚ್ಚಳವನ್ನು ಯಾರೋ ಬಿಗಿಯಾಗಿ ಹಾಕಿಟ್ಟಿದ್ದರು.

ನಮಸ್ಕಾರ.