ಮೌಸ್ ಹೊಸಬರ ಕೈಯಲ್ಲಿರಲಿ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ವ್ಯವಸ್ಥೆಯಾದ ಲಿನಕ್ಸ್ ಅನ್ನು, ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಡುವ ಸ್ವಯಂಸೇವಕರ ಬಗ್ಗೆ ಇವತ್ತು ಮಾತನಾಡುತ್ತೇನೆ. 2004ರಿಂದ ಆಚರಿಸಿಕೊಂಡು ಬಂದಿರುವ ತಂತ್ರಾಂಶ ಸ್ವಾತಂತ್ರ್ಯ ದಿನದಂದು ಜಗತ್ತಿನ ಹಲವು ಕಡೆ ಇಂಥ ಪ್ರಾತ್ಯಕ್ಷಿಕೆಗಳು ನಡೆಯುತ್ತವೆ. ಉಳಿದ ದಿನಗಳಲ್ಲೂ ಲಿನಕ್ಸ್ ಬಳಕೆದಾರರ ಗುಂಪುಗಳು ಕಾಲೇಜಿನ ಕೊಠಡಿಯಲ್ಲೋ ಗ್ರಂಥಾಲಯದ ಮೂಲೆಯಲ್ಲೋ ನಾಲ್ಕು ಲ್ಯಾಪ್‌ಟಾಪ್ ತೆರೆದುಕೊಂಡು ಕೂರುತ್ತವೆ. ಅವರಿಗೆ ಸಂಬಳವಿಲ್ಲ, ಮಾರುವ ಸರಕೂ ಇಲ್ಲ. ತಮಗೆ ದಕ್ಕಿದ್ದು ಇನ್ನೊಬ್ಬರಿಗೂ ದಕ್ಕಲಿ ಎಂಬ ಆಸೆಯೊಂದೇ ಅವರನ್ನು ಅಲ್ಲಿಗೆ ಕರೆತಂದಿರುತ್ತದೆ. ಆ ಆಸೆಯ ಮೇಲೆ ನನಗೆ ತುಂಬ ಗೌರವವಿದೆ. ಅದು ಎಲ್ಲಿ ವ್ಯರ್ಥವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕೆನ್ನಿಸುವುದೂ ಅದಕ್ಕಾಗಿಯೇ.

ಅನೇಕ ಕಡೆ ಕಾರ್ಯಕ್ರಮ ಶುರುವಾಗುವುದು ಇತಿಹಾಸದಿಂದ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶದ ವ್ಯವಸ್ಥೆಯನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ್ದು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆದದ್ದು, ಇಂದು ಜಗತ್ತಿನ ಅತಿ ವೇಗದ ಐನೂರು ಸೂಪರ್‌ಕಂಪ್ಯೂಟರುಗಳೂ ಲಿನಕ್ಸ್‌ನಲ್ಲೇ ನಡೆಯುವುದು. ಎಲ್ಲವೂ ನಿಜ, ಹೆಮ್ಮೆ ಪಡಬೇಕಾದದ್ದೇ. ಆದರೆ ಎದುರಿಗೆ ಕುಳಿತವರ ಚಿಂತೆ ಬೇರೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಹಳೆಯ ಎಷ್ಟೋ ಯಂತ್ರಗಳಲ್ಲಿ ಇಲ್ಲ. ಚೆನ್ನಾಗಿಯೇ ನಡೆಯುತ್ತಿರುವ ಕಂಪ್ಯೂಟರನ್ನು ಎಸೆಯಬೇಕೇ, ಉಳಿಸಿಕೊಳ್ಳಬಹುದೇ ಎಂದು ಕೇಳಲು ಅವರು ಬಂದಿದ್ದಾರೆ. ಜೊತೆಗೊಂದು ಭಯವನ್ನೂ ತಂದಿದ್ದಾರೆ: ಏನಾದರೂ ಒತ್ತಿದರೆ ನನ್ನ ಕಡತಗಳೆಲ್ಲ ಹೋಗಿಬಿಟ್ಟರೆ?

ಈ ಭಯವನ್ನು ಕಳೆಯುವ ಸಾಧನ ಸ್ವಯಂಸೇವಕರ ಜೇಬಿನಲ್ಲೇ ಇದೆ. ಅದು ಲೈವ್ ಪೆನ್‌ಡ್ರೈವ್. ಲಿನಕ್ಸ್ ಮಿಂಟ್, ಉಬುಂಟು, ಫೆಡೋರಾ, ಹೀಗೆ ಯಾವುದಾದರೂ ವಿತರಣೆಯನ್ನು, ಅಂದರೆ ಬಳಕೆಗೆ ಸಿದ್ಧವಾದ ಲಿನಕ್ಸ್ ರೂಪವನ್ನು, ಅದಕ್ಕೆ ಬರೆದುಕೊಂಡಿದ್ದರೆ ಸಾಕು. ಯಂತ್ರವನ್ನು ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಮತ್ತೆ ಹೊತ್ತಿಸುವಾಗ, ಯಾವುದರಿಂದ ಶುರುಮಾಡಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಒತ್ತಬೇಕು. ಒಂದು ಕಂಪನಿಯ ಯಂತ್ರದಲ್ಲಿ ಅದು ಎಫ್12, ಇನ್ನೊಂದರಲ್ಲಿ ಎಫ್9, ಮತ್ತೊಂದರಲ್ಲಿ ಎಸ್ಕೇಪ್. ಸ್ವಲ್ಪ ಹೊತ್ತಿನಲ್ಲಿ ಇಡೀ ವ್ಯವಸ್ಥೆ ಪೆನ್‌ಡ್ರೈವಿನಿಂದಲೇ, ಯಂತ್ರದ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್ ಬಳಸಿಕೊಂಡು ನಡೆಯತೊಡಗುತ್ತದೆ. ನಾವಾಗಿ ಡಿಸ್ಕ್ ತೆರೆದು ಏನನ್ನಾದರೂ ಉಳಿಸದ ಹೊರತು ಅಥವಾ ಇನ್‌ಸ್ಟಾಲ್ ಗುಂಡಿ ಒತ್ತದ ಹೊರತು ಹಾರ್ಡ್‌ಡಿಸ್ಕಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಹೊಸಬರು ನಂಬುವುದು ಕಷ್ಟ. ಆದ್ದರಿಂದ ಐದು ನಿಮಿಷ ಓಡಾಡಿಸಿದ ಮೇಲೆ ಯಂತ್ರವನ್ನು ಆರಿಸಿಬಿಡಿ. ಉಬುಂಟು, ಮಿಂಟ್‌ನಂಥ ವಿತರಣೆಗಳಲ್ಲಿ ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಎಂಬ ಸಾಲು ಪರದೆಯ ಮೇಲೆ ಬರುತ್ತದೆ. ಅವರೇ ತೆಗೆಯಲಿ, ಅವರೇ ಒತ್ತಲಿ. ಮತ್ತೆ ಹೊತ್ತಿಸಿದಾಗ ಹಳೆಯ ಪರದೆ, ಹಳೆಯ ಚಿತ್ರ, ಹಳೆಯ ಕಡತಗಳು ಇದ್ದ ಹಾಗೆಯೇ ಇರುತ್ತವೆ. ಆಮೇಲೆ ನಡೆಯುವ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಒಂದು ಎಚ್ಚರಿಕೆ: ಡಿಸ್ಕ್ ವಿಂಡೋಸಿನ ಬೀಗವಾದ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದ್ದರೆ, ಅದನ್ನು ತೆರೆಯಲು ಬೇಕಾಗಬಹುದಾದ ರಿಕವರಿ ಕೀ ಕೈಯಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಇನ್ನು ಮೌಸ್ ವಿಷಯ. ಬಲ್ಲವರ ಬೆರಳು ಸುಮ್ಮನಿರುವುದಿಲ್ಲ. ಹೊಸಬರು ಮೆನು ಹುಡುಕುತ್ತ ತಡವರಿಸಿದ ಕೂಡಲೇ ಸ್ವಯಂಸೇವಕರ ಕೈ ಮುಂದೆ ಬರುತ್ತದೆ. ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುವ ಟರ್ಮಿನಲ್ ಕಿಟಕಿ ತೆರೆದು, ಎರಡು ಸಾಲು ಬರೆದು, 'ನೋಡಿ, ಎಷ್ಟು ಸುಲಭ' ಎನ್ನುತ್ತಾರೆ. ಅದು ಸುಲಭವಾದದ್ದು ಅವರಿಗೆ. ನೋಡುತ್ತ ಕುಳಿತವರಿಗೆ ಉಳಿಯುವುದು ಇದು ನನ್ನಿಂದಾಗದು ಎಂಬ ಅನಿಸಿಕೆ ಮಾತ್ರ. ಆ ತಡವರಿಕೆಯಲ್ಲೇ ಕಲಿಕೆ ನಡೆಯುತ್ತಿರುತ್ತದೆ, ಅದಕ್ಕೆ ಸಮಯ ಕೊಡಬೇಕು. ಕೈಕಟ್ಟಿ ಕುಳಿತು ಬಾಯಿಮಾತಿನಲ್ಲೇ ದಾರಿ ತೋರಿಸುವುದು ಕಠಿಣ ಕೆಲಸ, ನಿಜವಾದ ಸೇವೆಯೂ ಅದೇ. ಮೊದಲ ಕೆಲಸ ಅವರದೇ ಆಗಿರಲಿ: ವೈಫೈ ಜೋಡಿಸುವುದು, ತಮ್ಮ ಫೋನಿನ ಫೋಟೊ ತೆರೆಯುವುದು, ತಮ್ಮ ಭಾಷೆಯ ಕೀಲಿಮಣೆ ಸೇರಿಸಿ ತಮ್ಮ ಹೆಸರು ಬರೆಯುವುದು. ಸಿ ಡ್ರೈವ್ ಎಲ್ಲಿ ಎಂದು ಕೇಳುತ್ತಾರೆ. ಲಿನಕ್ಸ್‌ನಲ್ಲಿ ಅವರ ಕಡತಗಳಿರುವ ಹೋಮ್ ಫೋಲ್ಡರ್ ತೋರಿಸಿ. ಹೊಸ ತಂತ್ರಾಂಶ ಬೇಕೆಂದರೆ ಅಭ್ಯಾಸಬಲದಿಂದ ಅಂತರ್ಜಾಲದಲ್ಲಿ ಹುಡುಕತೊಡಗುತ್ತಾರೆ; ವಿತರಣೆಯ ತಂತ್ರಾಂಶ ಭಂಡಾರ ಅಲ್ಲೇ ಒಂದು ಗುಂಡಿಯ ದೂರದಲ್ಲಿದೆ ಎಂದು ಹೇಳಿ. ಟರ್ಮಿನಲ್ ಬಳಸಲೇಬೇಕಾಗಿ ಬಂದರೆ, ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದಿರಬಹುದು ಎಂದು ಮೊದಲೇ ತಿಳಿಸಿ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗುವವರು ಬಹಳ.

ಆಗದ್ದನ್ನು ಆಗುತ್ತದೆ ಎನ್ನಬಾರದು. ಫೋಟೊಶಾಪ್‌ಗಾಗಲಿ ಮೈಕ್ರೋಸಾಫ್ಟ್ ಆಫೀಸಿನ ಡೆಸ್ಕ್‌ಟಾಪ್ ಆವೃತ್ತಿಗಾಗಲಿ ಲಿನಕ್ಸ್ ರೂಪ ಇಲ್ಲ. ಅದರ ಬದಲಿಗೆ ಬಳಸುವ ಮುಕ್ತ ತಂತ್ರಾಂಶ ಲಿಬ್ರೆ ಆಫೀಸ್, ವರ್ಡ್ ಕಡತಗಳನ್ನು ತೆರೆಯುತ್ತದೆ, ಆದರೆ ಕೋಷ್ಟಕ ತುಂಬಿದ ಪುಟಗಳ ವಿನ್ಯಾಸ ಕೆಲವೊಮ್ಮೆ ಜರುಗುತ್ತದೆ. ಕೆಲವು ವೈಫೈ ಚಿಪ್‌ಗಳಿಗೆ ಬೇರೆಯಾಗಿ ಚಾಲಕ ತಂತ್ರಾಂಶ ಹಾಕಬೇಕಾಗುತ್ತದೆ, ಕೆಲವು ಪ್ರಿಂಟರುಗಳು ಸತಾಯಿಸುತ್ತವೆ. ಒಬ್ಬರ ಜೀವನೋಪಾಯ ಇಂಥ ಒಂದು ತಂತ್ರಾಂಶದ ಮೇಲೆ ನಿಂತಿದ್ದರೆ, 'ನಿಮಗೆ ಸದ್ಯಕ್ಕೆ ಇದು ಬೇಡ' ಎಂದು ಹೇಳುವ ಧೈರ್ಯ ಸ್ವಯಂಸೇವಕರಿಗಿರಬೇಕು. ಹಾಗೆ ಹೇಳಿ ಕಳಿಸಿದ ವ್ಯಕ್ತಿ ಲಿನಕ್ಸ್ ಬಗ್ಗೆ ಒಳ್ಳೆಯ ಮಾತನ್ನೇ ಆಡುತ್ತಾರೆ.

ಹಾಗಾದರೆ ಇತಿಹಾಸಕ್ಕೆ ಜಾಗವಿಲ್ಲವೇ? ಇದೆ, ಅದು ತಾನಾಗಿ ಒದಗಿ ಬರುತ್ತದೆ. ಅರ್ಧ ಗಂಟೆ ಬಳಸಿದವರು ಕೇಳಿಯೇ ಕೇಳುತ್ತಾರೆ: ಇಷ್ಟೆಲ್ಲ ಮಾಡಿದವರು ಯಾರು, ಬಿಟ್ಟಿಯಾಗಿ ಯಾಕೆ ಕೊಡುತ್ತಾರೆ? ಆಗ ಹೇಳಿ, 1992ರಲ್ಲಿ ಕರ್ನೆಲ್ ಗ್ನೂ ಯೋಜನೆಯ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಗೆ ಬಂದ ಕಥೆಯನ್ನು; ಬಳಸುವ, ಓದಿ ತಿಳಿಯುವ, ತಿದ್ದುವ, ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು; ಕಂಪನಿಗಳು ಸಂಬಳ ಕೊಟ್ಟು ನೇಮಿಸಿದ ಎಂಜಿನಿಯರುಗಳೂ ಬಿಡುವಿನಲ್ಲಿ ಬರೆಯುವ ಆಸಕ್ತರೂ ಒಂದೇ ತಂತ್ರಾಂಶ ಸಂಕೇತವನ್ನು, ಅಂದರೆ ಕೋಡ್ ಅನ್ನು, ಕೂಡಿ ಬೆಳೆಸುವ ರೀತಿಯನ್ನು. ತಾವೇ ಕೇಳಿದ ಪ್ರಶ್ನೆಯ ಉತ್ತರಕ್ಕೆ ಜನ ಕಿವಿಗೊಡುತ್ತಾರೆ.

ಇನ್‌ಸ್ಟಾಲ್ ಮಾಡುವ ಮಾತನ್ನು ಅದೇ ದಿನ ಎತ್ತದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪೆನ್‌ಡ್ರೈವನ್ನು ಅವರ ಕೈಗೇ ಕೊಟ್ಟು ಕಳಿಸಿ. ಮನೆಯಲ್ಲಿ ಒಂದು ವಾರ ತಮ್ಮ ಪ್ರಿಂಟರು, ತಮ್ಮ ಸ್ಕ್ಯಾನರು, ತಮ್ಮ ಬ್ಲೂಟೂತ್ ಜೊತೆ ಪರೀಕ್ಷಿಸಲಿ. ಪುನಃ ಬಂದಾಗ ಕಡತಗಳ ಪ್ರತಿ ಬೇರೊಂದು ಡಿಸ್ಕಿನಲ್ಲಿದೆಯೇ ಎಂದು ಕಣ್ಣಾರೆ ನೋಡಿದ ಮೇಲಷ್ಟೇ ಮುಂದುವರಿಯಿರಿ. ಆಮೇಲಿನ ಮೊದಲ ಒಂದೆರಡು ತಿಂಗಳು ಅವರ ಫೋನ್ ಕರೆಗಳನ್ನು ಸ್ವೀಕರಿಸಲು ಯಾರಾದರೊಬ್ಬರು ಒಪ್ಪಿಕೊಂಡಿರಬೇಕು.

ಇಂಥ ಕೂಟಕ್ಕೆ ಹೋಗಬೇಕೆಂದಿರುವ ಕೇಳುಗರಿಗೂ ಒಂದು ಮಾತು. ದಿನವೂ ಬಳಸುವ ತಂತ್ರಾಂಶಗಳ ಪಟ್ಟಿಯೊಂದನ್ನು ಬರೆದುಕೊಳ್ಳಿ. ಚಾರ್ಜರ್ ಮರೆಯಬೇಡಿ. ಕಡತಗಳ ಪ್ರತಿಯನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ. ಯಾರಾದರೂ ನಿಮ್ಮ ಕೈಯಿಂದ ಮೌಸ್ ತೆಗೆದುಕೊಳ್ಳಲು ಬಂದರೆ, 'ನಾನೇ ಮಾಡುತ್ತೇನೆ, ಹೇಳಿಕೊಡಿ' ಎನ್ನಲು ಹಿಂಜರಿಯಬೇಡಿ.

ನಮಸ್ಕಾರ.